ಒಂದು ವರ್ಷದ ಪೆಟ್ರೋಲು ಎಲ್ಲಿಗೆ ಹೋಯಿತು?

ಬೆಳಗಿನ ಹೊತ್ತು ರಾಮನಗರದ ಯಾವುದಾದರೊಂದು ಪೆಟ್ರೋಲ್ ಬಂಕಿನ ಬಳಿ ನಿಂತು ನೋಡೋಣ. ಬೆಂಗಳೂರಿಗೆ ಹೊರಟ ಕಾರುಗಳು ಪೆಟ್ರೋಲನ್ನು ತುಂಬಿಸಿಕೊಂಡು ಹೋಗುವುವು; ನಾಲ್ಕೈದು ದಿನ ಕಳೆಯುವುದರೊಳಗೆ ಅವೇ ಕಾರುಗಳು ಬರಿದಾದ ಟ್ಯಾಂಕಿನೊಡನೆ ಮರಳಿ ಬರುವುವು. ಪೆಟ್ರೋಲು ಮುಗಿಯಿತೆಂದು ನಾವು ಹೇಳುವೆವು. ಆದರೆ ರಸಾಯನ ಶಾಸ್ತ್ರವು ಈ ಮಾತನ್ನು ಒಪ್ಪುವುದಿಲ್ಲ. ದ್ರವ್ಯವು ರೂಪವನ್ನು ಬದಲಾಯಿಸುವುದೇ ಹೊರತು ಇಲ್ಲವಾಗುವುದಿಲ್ಲ. ಹಾಗಾದರೆ ಆ ಪೆಟ್ರೋಲು ಹೋದುದೆಲ್ಲಿಗೆ? ವರ್ಷಕ್ಕೆ ಅದರ ಮೊತ್ತವೆಷ್ಟು? ಇದನ್ನು ತಿಳಿಯಲು ಪ್ರೌಢಶಾಲೆಯಲ್ಲಿ ಕಲಿತ ರಸಾಯನ ಶಾಸ್ತ್ರವೇ ಸಾಕು.

ಮೊದಲು ಅಳತೆ

ಟ್ಯಾಂಕನ್ನು ಪೂರ್ತಿ ತುಂಬಿಸಿ ಕಾರಿನ ಮೀಟರು ತೋರಿಸುವ ಕಿಲೋಮೀಟರುಗಳನ್ನು ಬರೆದಿಟ್ಟುಕೊಳ್ಳಬೇಕು. ಕೆಲವು ದಿನ ಓಡಿಸಿದ ಮೇಲೆ ಪುನಃ ಪೂರ್ತಿ ತುಂಬಿಸಬೇಕು. ಎರಡನೆಯ ಸಲ ಹಿಡಿಸಿದ ಲೀಟರುಗಳಿಂದ ನಡುವೆ ಓಡಿದ ದೂರವನ್ನು ಭಾಗಿಸಿದರೆ ಲೀಟರಿಗೆ ಎಷ್ಟು ಕಿಲೋಮೀಟರು ಎಂಬುದು ತಿಳಿಯುವುದು.

ರಾಮನಗರದಲ್ಲಿ ಮನೆ, ಬೆಂಗಳೂರಿನಲ್ಲಿ ಉದ್ಯೋಗವಿರುವ ಒಬ್ಬರನ್ನು ಕಲ್ಪಿಸಿಕೊಳ್ಳೋಣ. ಹೋಗಲು ಸುಮಾರು 50 ಕಿಲೋಮೀಟರು, ಬರಲು ಅಷ್ಟೇ. ವರ್ಷಕ್ಕೆ 300 ದಿನ ಎಂದರೆ 30,000 ಕಿಲೋಮೀಟರು. ಕಾರು ಲೀಟರಿಗೆ 15 ಕಿಲೋಮೀಟರು ಓಡುವುದಾದರೆ ಬೇಕಾಗುವುದು 2,000 ಲೀಟರು. ಒಂದು ಲೀಟರು ಪೆಟ್ರೋಲಿನ ತೂಕ ಸುಮಾರು ಮುಕ್ಕಾಲು ಕಿಲೋಗ್ರಾಂ. ಒಟ್ಟು ತೂಕ 1,500 ಕಿಲೋಗ್ರಾಂ. ಸಣ್ಣ ಕಾರೊಂದು ಸಾಮಾನ್ಯವಾಗಿ 1,000 ಕಿಲೋಗ್ರಾಮಿಗಿಂತ ಕಡಿಮೆ ತೂಗುವುದು. ಎಂದರೆ, ಕಾರು ಒಂದು ವರ್ಷದಲ್ಲಿ ತನ್ನ ತೂಕದ ಒಂದೂವರೆ ಪಾಲಿಗೂ ಹೆಚ್ಚು ಪೆಟ್ರೋಲನ್ನು ಸುಡುವುದು!

ಉರಿಯುವಾಗ ನಡೆಯುವುದೇನು?

ಪೆಟ್ರೋಲು ಹಲವು ಹೈಡ್ರೋಕಾರ್ಬನ್ನುಗಳ ಮಿಶ್ರಣ. ಲೆಕ್ಕದ ಸೌಕರ್ಯಕ್ಕಾಗಿ ಅದನ್ನು ಆಕ್ಟೇನ್ ಎಂದೇ ಭಾವಿಸೋಣ. ಆಕ್ಟೇನಿನ ಒಂದು ಅಣುವಿನಲ್ಲಿ ಇಂಗಾಲದ 8 ಪರಮಾಣುಗಳೂ ಜಲಜನಕದ 18 ಪರಮಾಣುಗಳೂ ಇರುವುವು. ಇಂಗಾಲದ ಪರಮಾಣು ತೂಕ 12, ಜಲಜನಕದ್ದು 1; ಆದುದರಿಂದ ಅಣುತೂಕ 96 ಮತ್ತು 18 ಸೇರಿ 114. ಇದು ಪೂರ್ತಿಯಾಗಿ ಉರಿದಾಗ ಇಂಗಾಲವು ಗಾಳಿಯ ಆಮ್ಲಜನಕದೊಡನೆ ಕೂಡಿ ಇಂಗಾಲಾಮ್ಲ ಅನಿಲವೂ, ಜಲಜನಕವು ಕೂಡಿ ನೀರೂ ಆಗುವುವು. 114 ಗ್ರಾಂ ಆಕ್ಟೇನಿಗೆ 400 ಗ್ರಾಂ ಆಮ್ಲಜನಕ ಬೇಕು. ದೊರೆಯುವುದು 352 ಗ್ರಾಂ ಇಂಗಾಲಾಮ್ಲ, 162 ಗ್ರಾಂ ನೀರು. ಎರಡು ಕಡೆಯ ಮೊತ್ತವೂ 514 ಗ್ರಾಂ ಆಗುವುದನ್ನು ವಾಚಕರು ಕೂಡಿ ನೋಡಬಹುದು.

ಈ ಪ್ರಮಾಣದಂತೆ ನಮ್ಮ 1,500 ಕಿಲೋಗ್ರಾಂ ಪೆಟ್ರೋಲು ಸುಮಾರು 5,260 ಕಿಲೋಗ್ರಾಂ ಆಮ್ಲಜನಕವನ್ನು ಹೀರಿ, 4,630 ಕಿಲೋಗ್ರಾಂ ಇಂಗಾಲಾಮ್ಲವನ್ನೂ 2,130 ಕಿಲೋಗ್ರಾಂ ನೀರಿನ ಆವಿಯನ್ನೂ ಹೊರಕ್ಕೆ ಬಿಡುವುದು. ಸುಟ್ಟದ್ದಕ್ಕಿಂತ ಹೊಗೆಯ ಕೊಳವೆಯಿಂದ ಬಂದ ಇಂಗಾಲಾಮ್ಲವೇ ಮೂರು ಪಾಲು ಹೆಚ್ಚು ತೂಗುವುದೆಂದರೆ ಅನೇಕರು ನಂಬುವುದಿಲ್ಲ. ಹೆಚ್ಚಿನ ತೂಕ ಬಂದುದು ಗಾಳಿಯಿಂದ. ಪೆಟ್ರೋಲಿಗೆ ಹಣ ಕೊಡುವೆವು. ಗಾಳಿಗೆ ಯಾರೂ ಬಿಲ್ಲು ಬರೆಯುವುದಿಲ್ಲವಾದ್ದರಿಂದ ಅದು ನಮ್ಮ ಲೆಕ್ಕಕ್ಕೆ ಬರುವುದಿಲ್ಲ. ತೂಕದಲ್ಲಿ ಗಾಳಿಯ ಶೇಕಡ 23 ಭಾಗ ಮಾತ್ರ ಆಮ್ಲಜನಕ. ಆದುದರಿಂದ ಎಂಜಿನ್ ಎಳೆದುಕೊಳ್ಳುವ ಗಾಳಿ ಸುಮಾರು 23 ಟನ್ನು. 10 ಮೀಟರು ಉದ್ದ, 7 ಮೀಟರು ಅಗಲ, 3 ಮೀಟರು ಎತ್ತರದ ತರಗತಿಯ ಕೋಣೆಗಳು ನೂರು ಇದ್ದರೆ ಅವುಗಳೊಳಗಿನ ಗಾಳಿ ಇಷ್ಟಾಗುವುದು.

ಇಲ್ಲಿ ಒಂದು ತಿದ್ದುಪಡಿ ಅಗತ್ಯ. 2025ರ ವೇಳೆಗೆ ನಮ್ಮ ದೇಶದ ಪೆಟ್ರೋಲಿನಲ್ಲಿ ಶೇಕಡ 20ರಷ್ಟು ಎಥನಾಲನ್ನು ಬೆರೆಸುವ ವ್ಯವಸ್ಥೆ ಜಾರಿಗೆ ಬಂದಿತು. ಎಥನಾಲಿನ ಅಣುವಿನಲ್ಲಿ ಮೊದಲೇ ಆಮ್ಲಜನಕವಿರುವುದರಿಂದ ಕಿಲೋಗ್ರಾಮಿಗೆ ಅದು ಬಿಡುವ ಇಂಗಾಲಾಮ್ಲ ಕಡಿಮೆ, ಸುಮಾರು 1.9 ಕಿಲೋಗ್ರಾಂ. ಅದರ ಇಂಗಾಲವೂ ಕಬ್ಬು, ಧಾನ್ಯಗಳು ಗಾಳಿಯಿಂದಲೇ ಪಡೆದದ್ದು. ಆದರೆ ಅದರ ಶಾಖವೂ ಕಡಿಮೆ. ಲೀಟರಿಗೆ ಪೆಟ್ರೋಲಿನ ಮೂರನೆಯ ಎರಡು ಪಾಲು ಮಾತ್ರ. ಅಷ್ಟೇ ದೂರಕ್ಕೆ ತುಸು ಹೆಚ್ಚು ಲೀಟರು ಬೇಕಾಗುವುದು.

ಚನ್ನಪಟ್ಟಣದ ಬುಗುರಿ

ಇಂಗಾಲವನ್ನು ಗಾಳಿಯಿಂದ ಮರಳಿ ಹಿಡಿಯಬಲ್ಲುದು ಸಸ್ಯ. ರಾಮನಗರದ ನೆರೆಯ ಚನ್ನಪಟ್ಟಣದಲ್ಲಿ ಆಲೆಮರವನ್ನು ಕಡೆದು, ಅರಗಿನ ಬಣ್ಣ ಕೊಟ್ಟು ಬುಗುರಿಗಳನ್ನು ಮಾಡುವರು. ಒಣಗಿದ ಮರದ ತೂಕದಲ್ಲಿ ಸರಿಸುಮಾರು ಅರ್ಧ ಇಂಗಾಲ. ಬುಗುರಿಯೊಂದು 100 ಗ್ರಾಂ ತೂಗಿದರೆ ಅದರಲ್ಲಿ 50 ಗ್ರಾಂ ಇಂಗಾಲವಿದೆ. ಒಂದು ಲೀಟರು ಪೆಟ್ರೋಲಿನಲ್ಲಿ ಸುಮಾರು 630 ಗ್ರಾಂ. ಎಂದರೆ ಒಂದು ಡಜನ್ನಿಗೂ ಮಿಗಿಲಾದ ಬುಗುರಿಗಳ ಇಂಗಾಲ. ನಮ್ಮ ಪ್ರಯಾಣಿಕರು ದಿನವೊಂದಕ್ಕೆ 80ಕ್ಕೂ ಹೆಚ್ಚು ಬುಗುರಿಗಳನ್ನೂ, ವರ್ಷಕ್ಕೆ 25,000 ಬುಗುರಿಗಳನ್ನೂ ಗಾಳಿಗೆ ತೂರಿದಂತಾಯಿತು. ಇದನ್ನು ಮರಳಿ ಹಿಡಿಯಲು ಪ್ರತಿ ವರ್ಷವೂ ಎರಡೂವರೆ ಟನ್ನು ಒಣ ಮರ ಹೊಸದಾಗಿ ಬೆಳೆಯಬೇಕು, ಬೆಳೆದುದನ್ನು ಸುಡಬಾರದು.

ಉಪಾಯವೇನು? ರಾಮನಗರ, ಚನ್ನಪಟ್ಟಣಗಳವರಿಗೆ ಮೈಸೂರಿನ ರೈಲುದಾರಿಯಿದೆ. ಕನಕಪುರಕ್ಕೂ ಮಾಗಡಿಗೂ ಇಂದಿಗೂ ರೈಲಿಲ್ಲ. ಅಲ್ಲಿಯವರಿಗೆ ಬಸ್ಸು, ಇಲ್ಲವೇ ಕೂಡಿ ಹೋಗುವ ಕಾರು. ಒಬ್ಬರ ಬದಲು ನಾಲ್ವರು ಕುಳಿತರೆ ತಲೆಗೆ 4,630 ಕಿಲೋಗ್ರಾಂ ಬದಲು ಸುಮಾರು 1,160 ಕಿಲೋಗ್ರಾಂ ಮಾತ್ರ. ಕಾರನ್ನು ಬಿಡಿರೆಂದು ಹೇಳುವುದು ನಮ್ಮ ಉದ್ದೇಶವಲ್ಲ. ಮುಂದಿನ ಸಲ ಟ್ಯಾಂಕನ್ನು ತುಂಬಿಸುವಾಗ ವಾಚಕರು ತಮ್ಮ ಕಾರಿನ ಅಂಕೆಗಳನ್ನು ಇಟ್ಟು ಈ ಲೆಕ್ಕವನ್ನು ಒಮ್ಮೆ ಮಾಡಿ ನೋಡಲಿ. ಕಣ್ಣಿಗೆ ಕಾಣದ ಹೊಗೆಗೂ ತೂಕವಿದೆಯೆಂದು ತಿಳಿದವನು ಅದನ್ನು ಹಗುರವಾಗಿ ಕಾಣಲಾರನು.