ಮರುಭೂಮಿಯ ಒಂದು ಶಾಲಾಭವನ

ಒಂದು ಊರಿನಲ್ಲಿ ಸಾರ್ವಜನಿಕ ಕಟ್ಟಡಗಳು ಯಾವ ಅನುಕ್ರಮದಲ್ಲಿ ತಲೆಯೆತ್ತಿದವು, ಯಾವ ಅನುಕ್ರಮದಲ್ಲಿ ಬರಿದಾದವು ಎಂಬುದನ್ನು ಪರಿಶೀಲಿಸಿದರೆ ಆ ಊರಿನ ಜೀವನವೇ ಕಣ್ಣಿಗೆ ಕಟ್ಟುತ್ತದೆ. ಅಮೆರಿಕಾ ಸಂಯುಕ್ತ ಸಂಸ್ಥಾನದ ನೆವಾಡಾ ಪ್ರಾಂತದಲ್ಲಿ, ಮೃತ್ಯುಕಣಿವೆಯೆಂದು ಪ್ರಸಿದ್ಧವಾದ ಮರುಭೂಮಿಯ ಮಗ್ಗುಲಲ್ಲಿರುವ ರಿಯೊಲೈಟ್ ಎಂಬ ಊರು ಇದಕ್ಕೆ ಒಳ್ಳೆಯ ನಿದರ್ಶನ. ಆ ಹೆಸರು ಅಲ್ಲಿಯ ಶಿಲೆಯದು; ಲಾವಾರಸದ ಪ್ರವಾಹವನ್ನು ಸೂಚಿಸುವ ಗ್ರೀಕ್ ಶಬ್ದ ಅದರ ಮೂಲ. ಹರಿಯುವ ನೀರಿಲ್ಲದ ನೆಲಕ್ಕೆ ಹರಿವಿನ ಹೆಸರು!

1904ನೆಯ ಇಸವಿಯ ಆಗಸ್ಟ್ ತಿಂಗಳಲ್ಲಿ ಶಾರ್ಟಿ ಹ್ಯಾರಿಸ್, ಎಡ್ ಕ್ರಾಸ್ ಎಂಬಿಬ್ಬರಿಗೆ ಅಲ್ಲಿಯ ಗುಡ್ಡಗಳಲ್ಲಿ ಚಿನ್ನದ ಅದಿರು ದೊರೆಯಿತು. ಸುದ್ದಿ ಹಬ್ಬಿದೊಡನೆ ಗುಡಾರಗಳು ಎದ್ದವು. ಅವುಗಳ ಹಿಂದೆಯೇ ಅಂಗಡಿ, ಪಾನಗೃಹಗಳು ಬಂದವು. ಉಕ್ಕಿನ ಉದ್ಯಮಿ ಚಾರ್ಲ್ಸ್ ಶ್ವಾಬ್ 1906ರಲ್ಲಿ ಮುಖ್ಯ ಗಣಿಯನ್ನು ಕೊಂಡ ಮೇಲಂತೂ ಬೆಳವಣಿಗೆಗೆ ತಡೆಯೇ ಇಲ್ಲದಾಯಿತು. 1907ರ ವೇಳೆಗೆ ಕೊಳಾಯಿ ನೀರು, ವಿದ್ಯುದ್ದೀಪ, ದೂರವಾಣಿ, ಆಸ್ಪತ್ರೆ, ನಾಟಕಶಾಲೆ ಎಲ್ಲವೂ ಆ ಮರಳಿನಲ್ಲಿ ನೆಲೆಗೊಂಡಿದ್ದವು. ಮರದ ಅಭಾವದಿಂದ ಒಬ್ಬಾತ ಪಾನಗೃಹಗಳ ಖಾಲಿ ಸೀಸೆಗಳನ್ನೇ ಸಾವಿರಗಟ್ಟಲೆ ಪೇರಿಸಿ ಮನೆ ಕಟ್ಟಿದನು. ಅದು ಇಂದಿಗೂ ಇದೆ.

1908ರಲ್ಲಿ ಮೂರಂತಸ್ತಿನ ಬ್ಯಾಂಕು ಸಿದ್ಧವಾಯಿತು. ಅದಕ್ಕೆ ತಗಲಿದ ವೆಚ್ಚ ಸುಮಾರು 90,000 ಡಾಲರು. ಒಳಗೆ ಇಟಲಿಯ ಅಮೃತಶಿಲೆ. ಚಿಕ್ಕ ಕಟ್ಟಡದಲ್ಲಿ ಕಲಿಯುತ್ತಿದ್ದ ಮಕ್ಕಳಿಗೆ ಅದರ ಮರುವರ್ಷ, ಅಂದರೆ 1909ರಲ್ಲಿ, ಸುಮಾರು 20,000 ಡಾಲರುಗಳ ವೆಚ್ಚದಲ್ಲಿ ಎರಡಂತಸ್ತಿನ ಕಾಂಕ್ರೀಟು ಶಾಲಾಭವನ ದೊರೆಯಿತು. 250 ಮಕ್ಕಳಿಗೆ ಸಾಲುವಷ್ಟು ಸ್ಥಳ. ಆದರೆ ಆ ಕೊಠಡಿಗಳು ಎಂದೂ ತುಂಬಲಿಲ್ಲ. 1907ರ ಅಕ್ಟೋಬರಿನಲ್ಲಿ ಪೂರ್ವ ತೀರದ ಹಣದ ಪೇಟೆಯಲ್ಲಿ ಉಂಟಾದ ಕ್ಷೋಭೆಯಿಂದ ಗಣಿಗಳಿಗೆ ಬರುತ್ತಿದ್ದ ಬಂಡವಾಳ ಬತ್ತತೊಡಗಿತ್ತು. ಶಾಲೆಯ ಬಾಗಿಲು ತೆರೆಯುವಷ್ಟರಲ್ಲಿ ಕುಟುಂಬಗಳು ಗಂಟುಮೂಟೆ ಕಟ್ಟುತ್ತಿದ್ದವು. ಸಾವಿರಾರು ಜನರಿದ್ದ ಊರಿನಲ್ಲಿ 1910ರ ಜನಗಣತಿಗೆ ಸಿಕ್ಕವರು 675 ಮಂದಿ. 1911ರಲ್ಲಿ ಗಣಿ ಮುಚ್ಚಿತು. 1913ರಲ್ಲಿ ಅಂಚೆ ಕಚೇರಿ. 1916ರಲ್ಲಿ ದೀಪಗಳೂ ಆರಿದವು.

ಇದನ್ನು ಓದಿ, ಶಾಲೆ ಕಟ್ಟಿಸಿದವರನ್ನು ಅವಿವೇಕಿಗಳೆಂದು ಜರೆಯುವುದು ಸುಲಭ. ನನ್ನ ಮನಸ್ಸು ಅದಕ್ಕೆ ಒಪ್ಪದು. ಕಣ್ಣೆದುರು ಇದ್ದ ಮಕ್ಕಳನ್ನು ಎಣಿಸಿಯೇ ಅವರು ಕಟ್ಟಡವನ್ನು ಅಳೆದರು. ಆ ಮಕ್ಕಳ ತಂದೆಯರ ಅನ್ನ ಒಂದೇ ಒಂದು ಅದಿರನ್ನೂ ದೂರದವರ ಹಣವನ್ನೂ ನೆಚ್ಚಿತ್ತೆಂಬುದು ಮಾತ್ರ ಆ ಲೆಕ್ಕದಲ್ಲಿ ಸೇರಲಿಲ್ಲ. ಬ್ಯಾಂಕು ಕಟ್ಟಿದವರಿಗೂ ಅದು ಹೊಳೆದಿರಲಿಲ್ಲವಲ್ಲ!

ಇಂದು ಬ್ಯಾಂಕಿನ ಮುಂಗೋಡೆ, ಮಾಡಿಲ್ಲದ ಶಾಲೆಯ ಗೋಡೆಗಳು ಬಿಸಿಲಿಗೆ ನಿಂತಿವೆ. ರೈಲ್ವೆ ನಿಲ್ದಾಣ ಬಹುಮಟ್ಟಿಗೆ ಇಡಿಯಾಗಿ ಉಳಿದಿದೆ. 1930ರ ದಶಕದಲ್ಲಿ ಅದು ಜೂಜುಕಟ್ಟೆಯಾಗಿತ್ತೆಂಬುದು ಬೇರೆ ಮಾತು. ಉಳಿದ ಕಟ್ಟಡಗಳನ್ನು ಕೆಲವು ಮೈಲಿ ದೂರದ, ನೀರಿನ ಊಟೆಗಳುಳ್ಳ ಬೀಟಿ ಎಂಬ ಊರಿನವರು ಬಿಚ್ಚಿ ಸಾಗಿಸಿದರು. ಗಣಿ ಕಾರ್ಮಿಕರ ಸಂಘದ ಸಭಾಭವನ ಅಲ್ಲಿ ಪುರಭವನವಾಯಿತು. ಹಲವು ಕಟ್ಟಡಗಳಿಂದ ತೆಗೆದ ಸಾಮಗ್ರಿ ಬೀಟಿಯ ಮಕ್ಕಳಿಗಾಗಿ ಕಟ್ಟಿದ ಶಾಲೆಗೆ ಸೇರಿತು.