ಕಾರಿನ ಬೀಸಣಿಗೆಯ ವೇಗದೋಷ: ನಿದಾನ ಮತ್ತು ಪರಿಹಾರ

ವೈದ್ಯನಾದವನು ಜ್ವರವನ್ನು ಕಂಡೊಡನೆ ಔಷಧವನ್ನು ಕೊಡುವುದಿಲ್ಲ. ಜ್ವರಕ್ಕೆ ಮೂಲವಾವುದೆಂದು ಮೊದಲು ವಿಚಾರಿಸುತ್ತಾನೆ. ಈ ವಿಚಾರಣೆಗೆ ನಮ್ಮ ವೈದ್ಯಗ್ರಂಥಗಳಲ್ಲಿ ನಿದಾನವೆಂದು ಹೆಸರು. ಯಂತ್ರಗಳಿಗೂ ಇದೇ ಕ್ರಮ ಸಲ್ಲತಕ್ಕದ್ದು. ಆದರೆ ಲೋಕದಲ್ಲಿ ಕಾಣುವುದು ಬೇರೆ. ಕಾರಿನೊಳಕ್ಕೆ ಗಾಳಿಯನ್ನು ದೂಡುವ ಬೀಸಣಿಗೆ ಸರಿಯಾಗಿ ತಿರುಗದಿದ್ದಲ್ಲಿ, ಒಬ್ಬನು ಮೋಟಾರನ್ನೇ ಬದಲಾಯಿಸಬೇಕೆನ್ನುತ್ತಾನೆ. ಮತ್ತೊಬ್ಬನು ಸ್ವಿಚ್ಚನ್ನು ಬದಲಾಯಿಸಬೇಕೆನ್ನುತ್ತಾನೆ. ಮೂರನೆಯವನು ಗ್ಯಾಸ್ ತುಂಬಿಸಿ ನೋಡೋಣವೆನ್ನುತ್ತಾನೆ. ಮೂರಕ್ಕೂ ಹಣ ತೆತ್ತ ಮೇಲೆಯೂ ದೋಷವು ಮೊದಲಿದ್ದಲ್ಲಿಯೇ ಇರುವುದುಂಟು. ವಾಸ್ತವವಾಗಿ ಈ ಬೀಸಣಿಗೆಯಷ್ಟು ಸ್ಪಷ್ಟವಾಗಿ ತನ್ನ ರೋಗವನ್ನು ತಾನೇ ಹೇಳಿಕೊಳ್ಳುವ ಭಾಗಗಳು ಕಾರಿನಲ್ಲಿ ವಿರಳ. ಯಾವ ವೇಗದಲ್ಲಿ ತಿರುಗುತ್ತದೆ, ಯಾವ ವೇಗದಲ್ಲಿ ತಿರುಗುವುದಿಲ್ಲ ಎಂಬುದನ್ನು ಗಮನವಿಟ್ಟು ನೋಡಿದರೆ ಮುಕ್ಕಾಲು ಪಾಲು ನಿದಾನ ಮುಗಿದಂತೆಯೇ.

ಇದು ಕೇವಲ ಸುಖಕ್ಕೆ ಸಂಬಂಧಿಸಿದ ವಿಷಯವೆಂದು ಭಾವಿಸಲಾಗದು. ಆಷಾಢ ಶ್ರಾವಣಗಳ ಮಳೆಯಲ್ಲಿ ಆಗುಂಬೆ, ಚಾರ್ಮಾಡಿ, ಶಿರಾಡಿ ಘಟ್ಟಗಳನ್ನು ಇಳಿಯುವಾಗ, ಕಾರಿನೊಳಗೆ ಕುಳಿತ ನಾಲ್ಕೈದು ಜನರ ಉಸಿರಿನ ತೇವವು ತಣ್ಣಗಿರುವ ಮುಂಗಾಜಿನ ಒಳಮೈಯಲ್ಲಿ ಮಂಜಾಗಿ ಕಟ್ಟಿಕೊಂಡು, ನೋಡನೋಡುತ್ತಿರುವಂತೆಯೇ ದಾರಿ ಮರೆಯಾಗುತ್ತದೆ. ತಂಪುಯಂತ್ರದ ಮೂಲಕ ಹಾದು ತೇವವನ್ನು ಕಳೆದುಕೊಂಡ ಒಣಗಾಳಿಯನ್ನು ಗಾಜಿನ ಮೇಲೆ ಬೀಸುವುದೇ ಇದಕ್ಕೆ ಪರಿಹಾರ. ಬೀಸಣಿಗೆ ನಿಂತರೆ ಆ ಪರಿಹಾರವೂ ನಿಂತಿತು. ಒಂದು ಕೈಯಲ್ಲಿ ಬಟ್ಟೆ ಹಿಡಿದು ಗಾಜನ್ನೊರಸುತ್ತ, ಮತ್ತೊಂದು ಕೈಯಿಂದ ಘಟ್ಟದ ತಿರುವುಗಳನ್ನು ಹಾಯುವ ಚಾಲಕನ ಅವಸ್ಥೆ ಮಲೆನಾಡಿನವರಿಗೆ ಹೊಸದಲ್ಲ.

ಕಾರಿನ ಹವಾನಿಯಂತ್ರಣದಲ್ಲಿ ಬೀಸಣಿಗೆಗೆ ಮೊದಲಿನಿಂದಲೂ ಮುಖ್ಯಸ್ಥಾನ. ಅಮೆರಿಕದ ಪ್ಯಾಕಾರ್ಡ್ ಸಂಸ್ಥೆಯು 1940ರ ಮಾದರಿಯ ಕಾರುಗಳಲ್ಲಿ ತಂಪುಯಂತ್ರವನ್ನು ಅಳವಡಿಸಿದಾಗ ಚಾಲಕನ ಕೈಗೆ ಸಿಕ್ಕಿದ್ದ ನಿಯಂತ್ರಣವೆಂದರೆ ಬೀಸಣಿಗೆಯ ಸ್ವಿಚ್ಚು ಮಾತ್ರ. ಗೊತ್ತುಪಡಿಸಿದ ಉಷ್ಣತೆಯನ್ನು ಯಂತ್ರವು ತಾನೇ ಕಾಯ್ದುಕೊಳ್ಳುವ ವ್ಯವಸ್ಥೆ ಕ್ಯಾಡಿಲಾಕ್ ಕಾರುಗಳ 1964ರ ಮಾದರಿಯಲ್ಲಿ ಬಂದಿತು. ಇಂದಿನ ಕಾರುಗಳಲ್ಲಿ ಈ ಎರಡು ಬಗೆಗಳೂ ಉಂಟು: ಚಾಲಕನೇ ವೇಗವನ್ನು ತಿರುಗಿಸಿ ಇಡುವುದೊಂದು, ಗಣಕವೇ ವೇಗವನ್ನು ನಿರ್ಣಯಿಸುವುದು ಮತ್ತೊಂದು. ಎರಡರ ರೋಗಲಕ್ಷಣಗಳೂ ಬೇರೆ ಬೇರೆ.

ಯಂತ್ರಗಾರರು ಈ ಬೀಸಣಿಗೆಯನ್ನು ಬ್ಲೋವರ್ ಎನ್ನುತ್ತಾರೆ. ಕಮ್ಮಾರನ ಕುಲುಮೆಗೆ ಗಾಳಿಯೂದುವ ಸಾಧನಕ್ಕೆ ಕನ್ನಡದಲ್ಲಿ ತಿದಿ ಎಂಬ ಅಚ್ಚುಕಟ್ಟಾದ ಹೆಸರಿದೆ; ಕೆಲಸವನ್ನು ನೋಡಿದರೆ ಇದೂ ಒಂದು ತಿದಿಯೇ. ಆದರೆ ರೂಢಿಯನ್ನು ಎದುರಿಸಿ ನಿಲ್ಲಲು ಪಂಡಿತರಿಂದಲೂ ಆಗದು. ಸುತ್ತಲೂ ಕಿರಿದಾದ ಅಲಗುಗಳುಳ್ಳ ಉರುಳೆಯಾಕಾರದ ಒಂದು ಚಕ್ರ, ಅದನ್ನು ತಿರುಗಿಸುವ 12 ವೋಲ್ಟಿನ ಒಂದು ಮೋಟಾರು, ಇವೆರಡನ್ನೂ ಒಳಗೊಂಡ ಒಂದು ಗೂಡು, ಇಷ್ಟೇ ಇದರ ಸ್ವರೂಪ. ಚಾಲಕನು ಬಲಗಡೆ ಕೂಡುವ ನಮ್ಮ ಕಾರುಗಳಲ್ಲಿ ಇದು ಬಹುಮಟ್ಟಿಗೆ ಎಡಬದಿಯ ಆಸನದ ಮುಂದೆ, ಗ್ಲೋವ್ ಬಾಕ್ಸಿನ ಹಿಂದೆ ಅಥವಾ ಕೆಳಗೆ ಇರುತ್ತದೆ.

ಇನ್ನು ವೇಗವನ್ನು ತಗ್ಗಿಸುವ ಬಗೆ. ಹಳೆಯ ಶಾಲಾಕೊಠಡಿಗಳಲ್ಲಿ ಛಾವಣಿಯ ಫ್ಯಾನಿಗಾಗಿ ಗೋಡೆಯ ಮೇಲೊಂದು ದಪ್ಪನೆಯ ರೆಗ್ಯುಲೇಟರ್ ಪೆಟ್ಟಿಗೆ ಇರುತ್ತಿದ್ದುದು ಹಲವರ ನೆನಪಿನಲ್ಲಿದ್ದೀತು. ಫ್ಯಾನನ್ನು ನಿಧಾನಗೊಳಿಸಿದಾಗ ಆ ಪೆಟ್ಟಿಗೆ ಬಿಸಿಯಾಗುತ್ತಿತ್ತು. ಅದರೊಳಗಿದ್ದುದು ರೋಧಕ ತಂತಿಯ ಸುರುಳಿ. ವಿದ್ಯುತ್ತಿನ ದಾರಿಯಲ್ಲಿ ಇಂತಹ ಸುರುಳಿಯನ್ನಿಟ್ಟರೆ ಒತ್ತಡದ ಒಂದು ಪಾಲು ಅಲ್ಲಿಯೇ ವ್ಯಯವಾಗಿ ಉಳಿದದ್ದು ಮಾತ್ರ ಮೋಟಾರಿಗೆ ದೊರೆಯುತ್ತದೆ, ಮೋಟಾರು ನಿಧಾನವಾಗುತ್ತದೆ. ಕಾರಿನ ಬ್ಲೋವರಿನಲ್ಲಿಯೂ ಇದೇ ಉಪಾಯ. ನಾಲ್ಕು ವೇಗಗಳುಳ್ಳ ಕಾರಿನಲ್ಲಿ ಸಾಮಾನ್ಯವಾಗಿ ಮೂರು ಸುರುಳಿಗಳು ಒಂದರ ಹಿಂದೊಂದು ಸರಪಳಿಯ ಕೊಂಡಿಗಳಂತೆ ಜೋಡಣೆಗೊಂಡಿರುತ್ತವೆ. ಕನಿಷ್ಠ ವೇಗದಲ್ಲಿ ಪ್ರವಾಹವು ಮೂರನ್ನೂ ಹಾಯುತ್ತದೆ. ಎರಡನೆಯದರಲ್ಲಿ ಎರಡನ್ನು, ಮೂರನೆಯದರಲ್ಲಿ ಒಂದನ್ನು. ಪರಮವೇಗದಲ್ಲಿ ಮಾತ್ರ ಅದು ಯಾವ ಸುರುಳಿಯನ್ನೂ ಮುಟ್ಟದೆ ನೇರವಾಗಿ ಮೋಟಾರನ್ನು ಸೇರುತ್ತದೆ. ಈ ಒಂದು ಮಾತನ್ನು ಚೆನ್ನಾಗಿ ನೆನಪಿನಲ್ಲಿಡತಕ್ಕದ್ದು. ಮುಂದಿನ ನಿರ್ಣಯಗಳೆಲ್ಲ ಇದರ ಮೇಲೆಯೇ ನಿಂತಿವೆ.

ತರ್ಕಶಾಸ್ತ್ರದಲ್ಲಿ ಅನ್ವಯ ವ್ಯತಿರೇಕಗಳೆಂಬ ಎರಡು ಸಾಧನಗಳನ್ನು ಹೇಳಿದ್ದಾರೆ. ಇದಿದ್ದರೆ ಅದಿದೆ ಎಂಬುದು ಅನ್ವಯ, ಇದಿಲ್ಲದಿದ್ದರೆ ಅದಿಲ್ಲ ಎಂಬುದು ವ್ಯತಿರೇಕ. ಹೊಗೆಯಿಂದ ಬೆಂಕಿಯನ್ನು ಊಹಿಸುವ ಪಾಠದಲ್ಲಿ ವಿದ್ಯಾರ್ಥಿಗಳು ಕಲಿತ ಈ ಸಾಧನಗಳು ಇಲ್ಲಿ ನೇರವಾಗಿ ಉಪಯೋಗಕ್ಕೆ ಬರುತ್ತವೆ. ಬ್ಲೋವರು ಪರಮವೇಗದಲ್ಲಿ ಮಾತ್ರ ತಿರುಗಿ ಉಳಿದ ಮೂರು ವೇಗಗಳಲ್ಲಿಯೂ ಸತ್ತಂತಿದೆಯೆನ್ನೋಣ. ಆಗ ಮೋಟಾರಿನಲ್ಲಿ ದೋಷವಿರಲಾರದು. ಇದ್ದಿದ್ದರೆ ಪರಮವೇಗದಲ್ಲಿಯೂ ತಿರುಗುತ್ತಿರಲಿಲ್ಲ. ಮುಖ್ಯ ಫ್ಯೂಸೂ ಸುಸ್ಥಿತಿಯಲ್ಲಿಯೇ ಇದೆ. ಸತ್ತ ಮೂರು ವೇಗಗಳಿಗೂ ಸಮಾನವಾಗಿದ್ದು ಬದುಕಿದ ಒಂದಕ್ಕೆ ಬೇಡವಾದದ್ದು ರೋಧಕದ ಗುಚ್ಛವೊಂದೇ. ಆದುದರಿಂದ ದೋಷವು ಅಲ್ಲಿಯೇ, ಬಹುತೇಕ ಅದರ ಮೇಲೆ ಕೂರಿಸಿದ ಉಷ್ಣ ಫ್ಯೂಸಿನಲ್ಲಿ. ಕನಿಷ್ಠ ವೇಗವೊಂದೇ ಹೋಗಿದ್ದರೆ ಕೊನೆಯ ಸುರುಳಿ ಕಡಿದಿರಬಹುದು. ಆದರೆ ಒಂದು ಮತ್ತು ಮೂರನೆಯ ವೇಗಗಳಿದ್ದು ನಡುವಿನ ಎರಡನೆಯದು ಮಾತ್ರ ಇಲ್ಲದಿದ್ದರೆ? ಅಲ್ಲಿ ಸುರುಳಿಯನ್ನು ದೂರುವಂತಿಲ್ಲ. ಸರಪಳಿಯ ನಡುಗೊಂಡಿ ಕಡಿದಿದ್ದರೆ ಅದರಾಚೆಗಿನ ಕನಿಷ್ಠ ವೇಗವೂ ಹೋಗಬೇಕಾಗಿತ್ತು. ಆದ್ದರಿಂದ ಸ್ವಿಚ್ಚಿನ ಆ ಒಂದು ಸಂಪರ್ಕ ಸವೆದಿದೆ, ಇಲ್ಲವೆ ಅಲ್ಲಿಂದ ಹೊರಟ ತಂತಿ ಕಡಿದಿದೆ. ಯಾವ ವೇಗದಲ್ಲಿಯೂ ತಿರುಗದಿದ್ದಾಗ ಮಾತ್ರವೇ ಫ್ಯೂಸು, ರಿಲೇ, ಮೋಟಾರು, ಭೂಸಂಪರ್ಕ ಇವುಗಳ ಸರದಿ. ಆ ಸಂದರ್ಭದಲ್ಲಿ ಮೋಟಾರಿನ ಕವಚವನ್ನು ಮೆಲ್ಲನೆ ತಟ್ಟಿದೊಡನೆ ಅದು ತಿರುಗಲಾರಂಭಿಸಿದರೆ ಒಳಗಿನ ಇಂಗಾಲದ ಬ್ರಷ್‌ಗಳು ಸವೆದಿವೆಯೆಂದು ತಿಳಿಯಬಹುದು.

ಸುಟ್ಟ ರೋಧಕವು ಸಿಕ್ಕಿದೊಡನೆ ಹೊಸದನ್ನು ಹಾಕಿ ಕೈತೊಳೆದುಕೊಳ್ಳುವವರೇ ಹೆಚ್ಚು. ಕೆಲವೇ ವಾರಗಳಲ್ಲಿ ಅದೂ ಸುಡುತ್ತದೆ. ಆಗ ಬಿಡಿಭಾಗದ ಅಂಗಡಿಯವನನ್ನು ಬೈಯುತ್ತಾರೆ. ರೋಧಕವು ಸುಟ್ಟದ್ದು ರೋಗದ ಕಾರ್ಯವೇ ಹೊರತು ಕಾರಣವಲ್ಲ. ಜರ್ಮನಿಯ ಓಮ್ 1827ರಲ್ಲಿ ಪ್ರಕಟಿಸಿದ ನಿಯಮವನ್ನೂ ಇಂಗ್ಲೆಂಡಿನ ಜೂಲ್ 1841ರಲ್ಲಿ ಪ್ರಕಟಿಸಿದ ನಿಯಮವನ್ನೂ ಪ್ರೌಢಶಾಲೆಯ ಮಕ್ಕಳು ಓದಿರುತ್ತಾರೆ. ಅವೆರಡೇ ಇಲ್ಲಿ ಸಾಕು. ಸುರುಳಿಗಳ ಒಟ್ಟು ರೋಧ 2 ಓಮ್, ಕನಿಷ್ಠ ವೇಗದ ಪ್ರವಾಹ 4 ಆಂಪಿಯರ್ ಎಂದು ಉದಾಹರಣೆಗೆ ಇಟ್ಟುಕೊಂಡರೆ, 12 ವೋಲ್ಟಿನಲ್ಲಿ 8 ವೋಲ್ಟ್ ಸುರುಳಿಗಳಲ್ಲಿಯೇ ಕಳೆದು ಅಲ್ಲಿ 32 ವ್ಯಾಟಿನಷ್ಟು ಶಾಖ ಹುಟ್ಟುತ್ತದೆ. ಮೋಟಾರಿಗೆ ಸಲ್ಲುವುದು 16 ವ್ಯಾಟ್ ಮಾತ್ರ. ಗಾಳಿ ಮೆಲ್ಲನೆ ಬೀಸುವಾಗಲೇ ರೋಧಕವು ಬೆಸುಗೆ ಹಾಕುವ ಕಡ್ಡಿಯಂತೆ ಕಾಯುತ್ತಿರುತ್ತದೆಯೆಂಬುದು ವಿಚಿತ್ರವಾದರೂ ನಿಜ. ಮೋಟಾರಿನ ಬುಷ್‌ಗಳು ಒಣಗಿ ಬಿಗಿದುಕೊಂಡು ಪ್ರವಾಹವು 5 ಆಂಪಿಯರಿಗೆ ಏರಿದರೆ ಶಾಖವು 50 ವ್ಯಾಟ್ ಆಗುತ್ತದೆ. ಪ್ರವಾಹ ಏರಿದ್ದು ಕಾಲುಭಾಗ, ಶಾಖ ಏರಿದ್ದು ಅರ್ಧಕ್ಕೂ ಮಿಗಿಲು. ಜೂಲ್‌ನ ನಿಯಮದಲ್ಲಿ ಪ್ರವಾಹದ ವರ್ಗವನ್ನು ಹಿಡಿಯಬೇಕಾದುದರ ಫಲವಿದು.

ಈ ಶಾಖವನ್ನು ಒಯ್ಯಲೆಂದೇ ನಿರ್ಮಾಪಕರು ರೋಧಕವನ್ನು ಬ್ಲೋವರಿನ ಗಾಳಿಯ ಹಾದಿಯಲ್ಲಿಯೇ ನಿಲ್ಲಿಸಿದ್ದಾರೆ. ತಾನು ಯಾವುದನ್ನು ನಿಯಂತ್ರಿಸುತ್ತದೆಯೋ ಅದರಿಂದಲೇ ತಂಪನ್ನು ಪಡೆಯುವ ಜಾಣ್ಮೆ ಇದು. ಗಾಳಿಯ ಹಾದಿ ಕಟ್ಟಿತೆಂದರೆ ಈ ಜಾಣ್ಮೆಯೇ ಮುಳುವಾಗುತ್ತದೆ. ಬಯಲುಸೀಮೆಯ ಕೆಂಧೂಳು ಕ್ಯಾಬಿನ್ ಫಿಲ್ಟರಿನಲ್ಲಿ ಕಂಬಳಿಯಂತೆ ಹಾಸಿಕೊಳ್ಳುತ್ತದೆ. ಮರದಡಿ ನಿಲ್ಲಿಸಿದ ಕಾರಿನಲ್ಲಿ ಎಲೆಗಳು ಒಳಸೇರುತ್ತವೆ. ಇಲಿಗಳಂತೂ ಬ್ಲೋವರಿನ ಗೂಡನ್ನು ತಮ್ಮದೇ ಗೂಡೆಂದು ತಿಳಿದು ತೆಂಗಿನ ನಾರು, ಬಟ್ಟೆಯ ಚೂರುಗಳನ್ನು ತಂದು ತುಂಬುತ್ತವೆ. ಫಿಲ್ಟರು ಕಟ್ಟಿದಾಗ ಪ್ರವಾಹವು ಹೆಚ್ಚುವುದೆಂದು ಅನೇಕರು ಹೇಳುವುದುಂಟು, ಅದು ಸರಿಯಲ್ಲ. ದೂಡಲು ಗಾಳಿಯೇ ಇಲ್ಲದಾಗ ಚಕ್ರದ ಹೊರೆ ತಗ್ಗಿ ಪ್ರವಾಹವು ಕಡಮೆಯಾಗಲೂಬಹುದು. ತಪ್ಪುವುದು ತಂಪು. ಹೀಗಾಗಿ ಹೊಸ ರೋಧಕವನ್ನು ಕೂರಿಸುವ ಮುನ್ನ ಫಿಲ್ಟರನ್ನು ತೆಗೆದು ನೋಡಿ, ಚಕ್ರವನ್ನು ಕೈಯಿಂದ ತಿರುಗಿಸಿ ಅದು ಸರಾಗವಾಗಿ ಸುತ್ತುತ್ತದೆಯೇ, ಕಿರುಗುಟ್ಟುತ್ತದೆಯೇ ಎಂದು ಪರೀಕ್ಷಿಸುವುದು ಅವಶ್ಯಕ. ಎಡಬದಿಯ ಆಸನದ ಮುಂದೆ ಏರ್‌ಬ್ಯಾಗ್ ಇರುವ ಕಾರುಗಳಲ್ಲಿ ಡ್ಯಾಶ್‌ಬೋರ್ಡನ್ನು ಬಿಚ್ಚುವುದಕ್ಕೆ ಮೊದಲು ಬ್ಯಾಟರಿಯ ಋಣ ತಂತಿಯನ್ನು ಕಳಚಿ ಕೆಲವು ನಿಮಿಷ ಕಾಯಬೇಕು.

ಉಷ್ಣ ಫ್ಯೂಸು ಮಿತಿಮೀರಿದ ಶಾಖಕ್ಕೆ ಒಮ್ಮೆ ಕಡಿದುಕೊಂಡಿತೆಂದರೆ ಮತ್ತೆ ಕೂಡುವುದಿಲ್ಲ. ಅದರ ಎರಡು ತುದಿಗಳನ್ನು ತಂತಿಯ ತುಂಡಿನಿಂದ ಬೆಸೆದು, ನಾಲ್ಕು ವೇಗಗಳೂ ಬಂದುವೆಂದು ಹಿಗ್ಗುವ ಕೈಚಳಕಗಾರರಿದ್ದಾರೆ. ಇದು ಕಾವಲುಗಾರನನ್ನು ಕಟ್ಟಿಹಾಕಿ ಬಾಗಿಲು ತೆರೆದಿಟ್ಟಂತೆ. ಶಾಖಕ್ಕೆ ಕಾರಣವಾದ ದೋಷ ಒಳಗೇ ಇದೆ, ತಡೆಯುವವನಿಲ್ಲ. ಸುತ್ತಲಿರುವುದು ಪ್ಲಾಸ್ಟಿಕ್ಕಿನ ಗೂಡು, ಒಣಗಿದ ಎಲೆ, ಇಲಿ ತಂದ ನಾರು. ಬೆಂಕಿಗೆ ಇನ್ನೇನು ಬೇಕು?

ತಂತಿಗಳ ಜೋಡಣೆಯ ವಿಷಯದಲ್ಲಿ ಒಂದು ಸೂಕ್ಷ್ಮವುಂಟು. ಜೋಡಣೆಯನ್ನು ಬಿಚ್ಚಿ ಮಲ್ಟಿಮೀಟರನ್ನು ಹಿಡಿದರೆ 12 ವೋಲ್ಟ್ ತೋರುತ್ತದೆ, ಆದರೂ ಮೋಟಾರು ತಿರುಗುವುದಿಲ್ಲ. ಇದರಿಂದ ಮೋಟಾರು ಕೆಟ್ಟಿದೆಯೆಂದು ನಿರ್ಣಯಿಸುವುದು ಅವಸರ. ತುಕ್ಕು ಹಿಡಿದ ಸಂಪರ್ಕವು ಮೀಟರಿಗೆ ಬೇಕಾದ ಅತ್ಯಲ್ಪ ಪ್ರವಾಹವನ್ನು ಬಿಟ್ಟುಕೊಟ್ಟು, ಮೋಟಾರಿಗೆ ಬೇಕಾದ ಭಾರೀ ಪ್ರವಾಹಕ್ಕೆ ಅಡ್ಡ ನಿಲ್ಲಬಲ್ಲದು. ಮೋಟಾರನ್ನು ಜೋಡಿಸಿ ಸ್ವಿಚ್ಚನ್ನು ಪರಮವೇಗದಲ್ಲಿಟ್ಟು, ಆ ಸ್ಥಿತಿಯಲ್ಲಿಯೇ ಮೋಟಾರಿನ ಎರಡು ತುದಿಗಳ ನಡುವೆ ಅಳೆಯಬೇಕು. ಬ್ಯಾಟರಿಯ ಒತ್ತಡಕ್ಕೆ ಹತ್ತಿರವಾದ ಒತ್ತಡ ಅಲ್ಲಿದ್ದೂ ತಿರುಗದಿದ್ದರೆ ಮೋಟಾರು ಕೆಟ್ಟಿದೆ. ಒತ್ತಡವು ಬಹಳ ಕುಸಿದಿದ್ದರೆ ದಾರಿಯಲ್ಲೆಲ್ಲೋ ಸೋರಿಕೆಯಂತಹ ನಷ್ಟವಿದೆ. ಕಂದಾಗಿ ಕರಗಿದ ಪ್ಲಾಸ್ಟಿಕ್ ಕನೆಕ್ಟರು ಕಂಡರೆ ಮೀಟರಿನ ಸಾಕ್ಷ್ಯವೂ ಬೇಕಿಲ್ಲ. ಅದನ್ನು ಬಿಟ್ಟು ರೋಧಕವನ್ನಷ್ಟೇ ಬದಲಾಯಿಸುವುದು ವ್ಯರ್ಥ.

ಗಣಕವೇ ವೇಗವನ್ನು ನಿರ್ಣಯಿಸುವ ಕಾರುಗಳಲ್ಲಿ ಸುರುಳಿಗಳ ಬದಲು ಪವರ್ ಟ್ರಾನ್ಸಿಸ್ಟರ್ ಇರುತ್ತದೆ. ಅದು ಒಳಗೊಳಗೇ ಕೂಡಿಕೊಂಡು ಕೆಟ್ಟರೆ ಬ್ಲೋವರು ಸದಾ ಪರಮವೇಗದಲ್ಲಿ ಓಡುತ್ತದೆ, ತಗ್ಗಿಸಿದರೂ ತಗ್ಗದು. ಬಿಟ್ಟುಕೊಂಡು ಕೆಟ್ಟರೆ ತಿರುಗುವುದೇ ಇಲ್ಲ. ಆದರೆ ಇಲ್ಲಿ ದೋಷವಲ್ಲದ ದೋಷಗಳೂ ಉಂಟು. ಬಿಸಿಲಿನಲ್ಲಿ ಕಾದ ಕಾರನ್ನು ಹತ್ತಿದಾಗ ರಭಸದಿಂದ ಬೀಸಿದ ಬ್ಲೋವರು ಸ್ವಲ್ಪ ಹೊತ್ತಿನಲ್ಲಿ ತಾನಾಗಿ ಮೆತ್ತಗಾದರೆ ಅದು ಕೆಟ್ಟಿದೆಯೆಂದಲ್ಲ. ಗೊತ್ತುಪಡಿಸಿದ ಉಷ್ಣತೆ ಸಮೀಪಿಸಿದೆಯೆಂದು ಅರ್ಥ. ಇಂತಹ ಹಲವು ಕಾರುಗಳಲ್ಲಿ ಡ್ಯಾಶ್‌ಬೋರ್ಡಿನ ಮೇಲ್ಭಾಗದಲ್ಲಿ ಬಿಸಿಲನ್ನಳೆಯುವ ಸಣ್ಣದೊಂದು ಕಣ್ಣಿರುತ್ತದೆ. ಅದರ ಮೇಲೆಯೇ ಭಕ್ತಿಯಿಂದ ವಿಗ್ರಹವನ್ನೋ ಹೂವಿನ ಹಾರವನ್ನೋ ಇಟ್ಟರೆ, ಹೊರಗೆ ವೈಶಾಖದ ಬಿಸಿಲಿದ್ದರೂ ನೆರಳಿದೆಯೆಂದೇ ಯಂತ್ರವು ತಿಳಿದು ಗಾಳಿಯನ್ನು ಕಡಮೆ ಮಾಡೀತು. ವಿಗ್ರಹವನ್ನು ನಾಲ್ಕು ಬೆರಳು ಪಕ್ಕಕ್ಕಿಟ್ಟರೆ ಸಾಕು.

ಕೊನೆಯದಾಗಿ, ದೂರದ ಪ್ರಯಾಣದಲ್ಲಿ ಕಾಣಿಸಿಕೊಳ್ಳುವ ಒಂದು ಲಕ್ಷಣ. ಅರ್ಧ ಮುಕ್ಕಾಲು ಗಂಟೆ ಸರಿಯಾಗಿ ಬೀಸಿದ ಗಾಳಿ ಕ್ರಮೇಣ ಕ್ಷೀಣಿಸುತ್ತದೆ. ಮೋಟಾರಿನ ಸದ್ದು ಮಾತ್ರ ಮೊದಲಿನಂತೆಯೇ ಕೇಳುತ್ತಿರುತ್ತದೆ. ಕಾರನ್ನು ನಿಲ್ಲಿಸಿ ಚಹಾ ಕುಡಿದು ಬಂದರೆ ಗಾಳಿ ಪುನಃ ಬರುತ್ತದೆ. ಇಲ್ಲಿ ಬ್ಲೋವರು ನಿರಪರಾಧಿ. ತಂಪುಯಂತ್ರದ ಕಾಯಿಲ್ ಮೇಲೆ ಮಂಜುಗಡ್ಡೆ ಕಟ್ಟಿ ಗಾಳಿಯ ದಾರಿ ಮುಚ್ಚಿದೆ. ನಿಂತಾಗ ಅದು ಕರಗಿದೆ. ಕಾರಿನಡಿಯಲ್ಲಿ ಎಂದಿಗಿಂತ ಹೆಚ್ಚಾಗಿ ತೊಟ್ಟಿಕ್ಕಿದ ನೀರೇ ಅದಕ್ಕೆ ಗುರುತು. ಆಗ ಪರೀಕ್ಷಿಸಬೇಕಾದದ್ದು ಕಾಯಿಲಿನ ಉಷ್ಣತೆಯನ್ನಳೆಯುವ ಸೆನ್ಸರು, ಗ್ಯಾಸಿನ ಪ್ರಮಾಣ, ಮತ್ತು ಇಲ್ಲಿಯೂ ಆ ಧೂಳು ಕಟ್ಟಿದ ಫಿಲ್ಟರು.