ಗಾರೆ ಬಳಿಯುವ ಮುನ್ನ: ಮನೆಯ ನವೀಕರಣದಲ್ಲಿ ಅಂತರ್ಜಾಲದ ಯೋಜನೆ

ಮುಂಭಾಗದಲ್ಲಿ ಅಂಗಡಿ ಅಥವಾ ಕಚೇರಿ, ಹಿಂಭಾಗದಲ್ಲಿ ಇಲ್ಲವೇ ಮಹಡಿಯಲ್ಲಿ ವಾಸ ಎಂಬ ಪದ್ಧತಿ ಕರ್ನಾಟಕದ ಪೇಟೆಗಳಲ್ಲಿ ಇಂದಿಗೂ ಉಳಿದಿದೆ. ಇಂತಹ ಹಳೆಯ ಮನೆಯನ್ನು ನವೀಕರಿಸುವ ವ್ಯಾಪಾರಿಯು ನೆಲಹಾಸು, ಬಣ್ಣಗಳಿಗೆ ನೀಡುವ ಗಮನವನ್ನು ಅಂತರ್ಜಾಲದ ಕೇಬಲ್ಲಿಗೆ ನೀಡುವುದು ವಿರಳ. ಕೆಲಸ ಮುಗಿದ ಮೇಲೆ ಹೊಸ ಗೋಡೆಯನ್ನು ಕೊರೆಯಬೇಕಾಗುತ್ತದೆ. ಒಂದೇ ಕೆಲಸಕ್ಕೆ ಎರಡು ಬಾರಿ ಹಣ ತೆರಬೇಕಾಗುತ್ತದೆ.

ಅಂತರ್ಜಾಲವು ಈಗ ವ್ಯವಹಾರದ ಅನಿವಾರ್ಯ ಅಂಗ. ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿ ಮೀರಿದವರಿಗೆ, ನೋಂದಾಯಿತ ವ್ಯಾಪಾರಿಗಳಿಗೆ ಮಾಡುವ ಮಾರಾಟಕ್ಕೆ 2023ರ ಆಗಸ್ಟ್ 1ರಿಂದ ಇ-ಇನ್‌ವಾಯ್ಸ್ ಕಡ್ಡಾಯವಾಗಿದೆ. ಮಾಸಿಕ ಜಿಎಸ್‌ಟಿಆರ್-3ಬಿ ವಿವರಪಟ್ಟಿಗೆ ಮುಂದಿನ ತಿಂಗಳ 20ನೇ ತಾರೀಖು ಗಡುವು. ತೆರಿಗೆ ಪಾವತಿ ತಡವಾದರೆ ವಾರ್ಷಿಕ ಶೇ. 18ರ ಬಡ್ಡಿ ತಪ್ಪದು. ಆ ದಿನ ಸಂಪರ್ಕ ಕೈಕೊಟ್ಟರೆ ನಷ್ಟ ವ್ಯಾಪಾರಿಯದೇ.

ಪೈಪೇ ಮುಖ್ಯ

ಕೇಬಲ್ ಹಳತಾಗುತ್ತದೆ, ಪೈಪ್ ಇದ್ದರೆ ಅದನ್ನು ಎಳೆದು ಬದಲಿಸಬಹುದು. ಆದ್ದರಿಂದ ಗಾರೆಗೆ ಮುನ್ನ ಫೈಬರ್ ಮನೆಯೊಳಗೆ ಬರುವ ಸ್ಥಳವನ್ನು ನಿಶ್ಚಯಿಸಿ, ಅಲ್ಲಿಂದ ಒಂದು ಕೇಂದ್ರ ಪೆಟ್ಟಿಗೆಯವರೆಗೆ 25 ಮಿ.ಮೀ. ಪಿವಿಸಿ ಪೈಪ್ ಹುದುಗಿಸಬೇಕು. ಪೆಟ್ಟಿಗೆಯಿಂದ ಕಚೇರಿಗೂ ಪ್ರತಿ ಮುಖ್ಯ ಕೋಣೆಗೂ ಪ್ರತ್ಯೇಕ ಪೈಪ್ ಹೋಗಬೇಕು. ಇವು ವಿದ್ಯುತ್ ತಂತಿಯ ಪೈಪಿನಿಂದ ದೂರವಿರಬೇಕು. ಫೈಬರ್ ತೀಕ್ಷ್ಣ ತಿರುವನ್ನು ಸಹಿಸದಾದ್ದರಿಂದ ಮೂಲೆಗಳಲ್ಲಿ ಉದ್ದನೆಯ ಬೆಂಡ್ ಬಳಸಬೇಕು. ಒಳಗೆ ಎಳೆಯುವ ತಂತಿಯೊಂದನ್ನು ಬಿಟ್ಟು, ಗೋಡೆ ಮುಚ್ಚುವ ಮೊದಲು ಛಾಯಾಚಿತ್ರ ತೆಗೆದಿಡುವುದು ಒಳಿತು.

ಹಳೆಯ ಮನೆಗಳ ದಪ್ಪ ಗೋಡೆಗಳನ್ನು ದಾಟುವಾಗ ವೈ-ಫೈ ಕ್ಷೀಣಿಸುತ್ತದೆ. ಆದುದರಿಂದ ಪ್ರತಿ ಮಹಡಿಯ ಮೇಲ್ಛಾವಣಿಗೂ ಒಂದು ಕೇಬಲ್, ಕಚೇರಿಯ ಮೇಜಿಗೆ ಎರಡು ಕೇಬಲ್ ಕಲ್ಪಿಸಬೇಕು. ಕ್ಯಾಟ್-6 ಕೇಬಲ್ 100 ಮೀಟರ್‌ವರೆಗೆ ಸೆಕೆಂಡಿಗೆ 1 ಗಿಗಾಬಿಟ್ ವೇಗವನ್ನು ಒಯ್ಯಬಲ್ಲದು. ಸಾಮಾನ್ಯ ಮನೆಗೆ ಅಷ್ಟು ಸಾಕು. ಅಲ್ಯೂಮಿನಿಯಮ್ ಮೇಲೆ ತಾಮ್ರ ಲೇಪಿಸಿದ ಅಗ್ಗದ ಕೇಬಲ್ ಬೇಡ. ಅದರ ವಿದ್ಯುತ್ ರೋಧ ಹೆಚ್ಚು, ಬಾಳಿಕೆ ಕಡಿಮೆ. ಶುದ್ಧ ತಾಮ್ರದ್ದೆಂದು ಬಿಲ್ಲಿನಲ್ಲಿಯೇ ನಮೂದಿಸಿಕೊಳ್ಳಬೇಕು.

ಮನೆಗಳಿಗೆ ಬರುವ ಫೈಬರ್ ಜಾಲದಲ್ಲಿ ಬೀದಿಯ ಕವಲು ಸಾಧನಕ್ಕೆ ಸಾಮಾನ್ಯವಾಗಿ ವಿದ್ಯುತ್ ಬೇಕಿಲ್ಲ. ಹೀಗಾಗಿ ಮನೆಯ ಓಎನ್‌ಟಿ ಹಾಗೂ ರೂಟರ್‌ಗೆ ಸಣ್ಣ ಯುಪಿಎಸ್ ಒದಗಿಸಿದರೆ, ಬೀದಿಯ ವಿದ್ಯುತ್ ಹೋದರೂ ಸಂಪರ್ಕ ಉಳಿಯುವ ಸಂಭವ ಹೆಚ್ಚು.

ಲೆಕ್ಕಪತ್ರದ ಎಚ್ಚರ

ವ್ಯವಹಾರಕ್ಕೆ ಬಳಸಿದ ಭಾಗದ ವೆಚ್ಚಕ್ಕೆ ಮಾತ್ರ ತೆರಿಗೆ ಸೌಲಭ್ಯ, ವಾಸದ ಭಾಗಕ್ಕಿಲ್ಲ. ಕಟ್ಟಡದ ವೆಚ್ಚವಾಗಿ ಬಂಡವಾಳೀಕರಿಸಿದ ಕಾಮಗಾರಿಗೆ ಜಿಎಸ್‌ಟಿಯ ಹೂಡುವಳಿ ತೆರಿಗೆ ಜಮೆ ದೊರೆಯದು. ಕಚೇರಿಯ ರೂಟರ್, ಸ್ವಿಚ್, ಯುಪಿಎಸ್‌ಗಳನ್ನು ಗುತ್ತಿಗೆದಾರನ ಒಟ್ಟು ಬಿಲ್ಲಿನಲ್ಲಿ ಸೇರಿಸದೆ, ಸಂಸ್ಥೆಯ ಜಿಎಸ್‌ಟಿ ಸಂಖ್ಯೆಯಲ್ಲಿ ಪ್ರತ್ಯೇಕವಾಗಿ ಖರೀದಿಸಿದರೆ ವ್ಯವಹಾರದ ಪಾಲಿನ ಜಮೆಯನ್ನು ಕೇಳಲು ಆಧಾರವಿರುತ್ತದೆ. ಜಮೆ ಪಡೆದ ತೆರಿಗೆಯ ಮೊತ್ತದ ಮೇಲೆ ಸವಕಳಿಯನ್ನು ಮತ್ತೆ ಪಡೆಯುವಂತಿಲ್ಲ.

ಬಾಯಾರಿದಾಗ ಬಾವಿ ತೋಡಿದರೆ ಫಲವಿಲ್ಲ. ಗಾರೆಯವನು ಬರುವ ಹಿಂದಿನ ವಾರ ಎಲೆಕ್ಟ್ರಿಷಿಯನ್ನನ್ನೂ ಲೆಕ್ಕಪರಿಶೋಧಕರನ್ನೂ ಒಮ್ಮೆ ಕೇಳುವುದು ಜಾಣತನ.